ಗುಹೆಯೊಳಗೆ ಇಬ್ಬರು ಬೀಗಿತ್ತಿಯರು

ಜನವರಿ 5, ಭಾನುವಾರ

ಮದುವೆ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮಗಳು ನಿಸರ್ಗಳಿಗೆ ಮಾತು ಕೊಟ್ಟಿದ್ದೇನೆ. ಬಾಗೂರಿನ ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳಿಗೆ 'ಬಾಯಿ ಮುಚ್ಚಿ' ಎಂದು ಹೇಳಿಕೊಂಡು ಬಂದವಳಿಗೆ ಇದೆಂಥ ಶಿಕ್ಷೆ! ಎಲ್ಲವನ್ನೂ ಒಳಗೇ ಇಟ್ಟುಕೊಂಡರೆ ಬಿ.ಪಿ. ಏರುತ್ತದೆ. ಅದಕ್ಕೇ ಯಾರೋ ಕೊಟ್ಟಿದ್ದ ಹೊಸ ವರ್ಷದ ಡೈರಿಯನ್ನು ಬೀರುವಿನಿಂದ ತೆಗೆದೆ. ಇದನ್ನು ಯಾರೂ ಓದುವ ಹಾಗಿಲ್ಲ. ಓದಿದರೆ ಅದು ಓದಿದವರ ಗ್ರಹಚಾರ.

ಹುಡುಗನ ಮೇಲೆ ನನಗೆ ಯಾವ ತಕರಾರೂ ಇಲ್ಲ. ಅಭಿಷೇಕ್ ಹೊಳೆನರಸೀಪುರದಲ್ಲಿ ದನದ ಡಾಕ್ಟರು. ನಗುನಗುತ್ತಾ ಮಾತಾಡುತ್ತಾನೆ, ಊಟ ಮಾಡಿದ ತಟ್ಟೆಯನ್ನು ತಾನೇ ಎತ್ತುತ್ತಾನೆ. ಅವನ ತಂದೆ ರಾಮಣ್ಣನವರು ಅರಕಲಗೂಡಿನ ಹತ್ತಿರ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುವ ದೊಡ್ಡ ಕುಳ. ಪಾಪ, ಬಾಯಿ ಬಿಡುವುದು ಊಟಕ್ಕೆ ಮಾತ್ರ. ತೊಂದರೆ ಇರುವುದು ಬೀಗಿತ್ತಿಯವರ ಹತ್ತಿರ. ಚಿಕ್ಕಲಕ್ಷ್ಮಮ್ಮನವರು. ಅವರ ಪ್ರತಿ ಮಾತೂ 'ನಮ್ ಕಡೆ ಪದ್ದತಿ' ಎಂದೇ ಶುರುವಾಗುತ್ತದೆ. ನಿಶ್ಚಿತಾರ್ಥದ ದಿನ ಅರಿಸಿನ ಕುಂಕುಮದ ತಟ್ಟೆಯನ್ನು ತಾವೇ ಹಿಡಿದು ಹೆಂಗಸರಿಗೆಲ್ಲ ಕೊಡುತ್ತಾ ಬಂದರು. ನನ್ನ ಹತ್ತಿರ ಬಂದಾಗ ಅಲ್ಲೊಂದು ಕಂಬ ಇದೆ ಎಂಬಂತೆ ದಾಟಿ ಪಕ್ಕದವಳಿಗೆ ಕೊಟ್ಟರು. ನನಗೇನೂ ಅನ್ನಿಸಲಿಲ್ಲ. ನಮ್ಮವರು ಹೋಗಿ ಮೂರು ವರ್ಷವಾಯಿತು, ಇಂಥದ್ದೆಲ್ಲ ಅಭ್ಯಾಸವಾಗಿದೆ. ಆ ತಟ್ಟೆಯಲ್ಲಿ ಅರಿಸಿನ ಎಡಕ್ಕೆ, ಕುಂಕುಮ ಬಲಕ್ಕೆ, ನಡುವೆ ಒಂದು ಹಳದಿ ಸೇವಂತಿಗೆ ಇತ್ತು, ಅದರ ಒಂದು ಎಸಳು ಮುರಿದಿತ್ತು. ಅಷ್ಟೇ ನೆನಪು.

ಇವತ್ತಿನ ವಿಷಯ ಬೇರೆ. ಹುಡುಗ ಹುಡುಗಿಗೆ ಮದುವೆಗೆ ಮುಂಚೆ ಫೋಟೋ ಶೂಟ್ ಆಗಬೇಕಂತೆ. ಅದೂ ಎಲ್ಲಿ? ಸಮುದ್ರದಲ್ಲಿ. ಕಾರವಾರದ ಕಡೆ ಬೆಳಿಗ್ಗೆ ಬೋಟು ಹತ್ತಿದರೆ ದ್ವೀಪ, ಗುಹೆ, ಡಾಲ್ಫಿನ್ ಎಲ್ಲ ತೋರಿಸಿ ಸಂಜೆ ತಂದು ಬಿಡುತ್ತಾರಂತೆ. "ತಾಳಿ ಬೀಳೋಕೆ ಮುಂಚೆ ಇಬ್ಬರೇ ಹೋಗ್ತೀರಾ?" ಎಂದು ನಾನು ಕೇಳಿದೆ. ಅದೇ ಹೊತ್ತಿಗೆ ಅರಕಲಗೂಡಿನಲ್ಲಿ ಅವರಮ್ಮನೂ ಅದನ್ನೇ ಕೇಳಿದರಂತೆ. ಎರಡು ಮನೆಯ ದೊಡ್ಡವರಿಗೆ ಮೊದಲ ಬಾರಿ ಒಮ್ಮತ ಬಂತು. ಈಗ ನಾವು ಮೂವರೂ ಕಾವಲಿಗೆ ಹೋಗುವುದೆಂದು ತೀರ್ಮಾನ.

ಇನ್ನೊಂದು ವಿಷಯ ಬರೆಯಬೇಕು. ನಮ್ಮ ಕಡೆಯಿಂದ ಧಾರೆ ಎರೆಯುವವರು ನನ್ನ ಮೈದುನ ಮೋಹನ್‌ಕುಮಾರ್ ಮತ್ತು ಅವನ ಹೆಂಡತಿ. ಗಂಡ ಇಲ್ಲದವಳು ಎರೆಯುವ ಹಾಗಿಲ್ಲವಲ್ಲ. ನಿಸರ್ಗ ಬ್ಯಾಂಕಿನಿಂದ ಬಂದವಳೇ ಬ್ಯಾಗು ಎಸೆದು, "ಅಮ್ಮ, ಧಾರೆ ನೀನೇ ಎರೀಬೇಕು. ನನ್ನ ಸಾಕಿದ್ದು ನೀನು. ಚಿಕ್ಕಪ್ಪ ಯಾಕೆ ನನ್ನ ದಾನ ಕೊಡಬೇಕು?" ಎಂದಳು. ಹುಡುಗನ ತಾಯಿ ಒಪ್ಪಬೇಕಲ್ಲೇ ಎಂದರೆ, "ಟ್ರಿಪ್ಪಲ್ಲಿ ಕೇಳು. ನೀನು ಕೇಳ್ದೆ ಇದ್ರೆ ನಾನೇ ಕೇಳ್ತೀನಿ" ಎಂದಳು. ಅವಳು ಕೇಳಿದರೆ ಕೇಳುವಂತಿರುವುದಿಲ್ಲ, ಯುದ್ಧವಾಗುತ್ತದೆ. ಆದ್ದರಿಂದ ನಾನೇ ಕೇಳಬೇಕು. ನನಗೆ ಧಾರೆಯೂ ಬೇಡ, ಗೀರೆಯೂ ಬೇಡ. ಹುಡುಗಿಯ ಹಟ, ಅಷ್ಟೆ.

ಜನವರಿ 14, ಸಂಕ್ರಾಂತಿ

ಬೀಗರು ಎಳ್ಳು ಬೆಲ್ಲ ತಂದಿದ್ದರು. ಜೊತೆಗೆ ಕಬ್ಬು, ಸಕ್ಕರೆ ಅಚ್ಚು, ನಿಸರ್ಗಳಿಗೆ ಒಂದು ಹಸಿರು ಸೀರೆ. ಚನ್ನರಾಯಪಟ್ಟಣದಲ್ಲಿ ಎಳ್ಳು ಸಿಗುವುದಿಲ್ಲ ಎಂದುಕೊಂಡಿದ್ದಾರೋ ಏನೋ, ಒಂದು ಬುಟ್ಟಿ ತುಂಬ ತಂದಿದ್ದಾರೆ.

"ಕೂತ್ಕೊಳ್ಳಿ" ಎಂದೆ. "ನೀವ್ ಕೂತ್ಕಳಿ ಟೀಚರಮ್ನೋರೆ, ನೀವ್ ಕೂತ್ಮ್ಯಾಲೆ ನಾವು" ಎಂದರು ಚಿಕ್ಕಲಕ್ಷ್ಮಮ್ಮನವರು. ಬಂದವರು ನಿಂತಿರುವಾಗ ನಾನು ಕೂರುವುದುಂಟೇ? "ಛೆ ಛೆ, ನೀವು ಗಂಡಿನ ಕಡೆಯವರು" ಎಂದೆ. "ಅಯ್ಯೋ, ನಿಮ್ಮನೇಲಿ ನಿಮಗಿಂತ ಮುಂಚೆ ಕೂತ್ಕಳಾದಾ? ನಮ್ ಕಡೆ ಪದ್ದತಿ ಅಲ್ಲ" ಎಂದರು. ನಾನು ಕುರ್ಚಿ ಎಳೆದೆ, ಅವರು ಕುರ್ಚಿ ತಳ್ಳಿದರು. ರಾಮಣ್ಣನವರು ಎರಡು ಕುರ್ಚಿಗಳ ನಡುವೆ ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು. ಕಾಫಿ ಕೆನೆ ಕಟ್ಟಿತು. ಕೊನೆಗೆ ನಿಸರ್ಗ, "ಎಲ್ರೂ ಒಟ್ಟಿಗೆ ಕೂರಿ, ಒನ್, ಟೂ, ತ್ರೀ" ಎಂದಳು. ನಾಚಿಕೆಯಾಯಿತು. ಆದರೆ ಮೊದಲು ನಾನು ಕೂರಲಿಲ್ಲ.

ಧಾರೆಯ ಮಾತನ್ನು ಅಡುಗೆಮನೆಯಲ್ಲಿ ನಾಲ್ಕಾರು ಸಲ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಅವರ ಮುಂದೆ ನಿಂತಾಗ ಬಾಯಿಂದ ಬಂದದ್ದು, "ಇನ್ನೊಂಚೂರು ಸಕ್ಕರೆ ಹಾಕ್ಲಾ?"

ಜನವರಿ 17, ಶುಕ್ರವಾರ

ನಾನು ಪುಳಿಯೋಗರೆ, ನಿಪ್ಪಟ್ಟು, ಮೊಸರನ್ನ ಎಂದು ಲೆಕ್ಕ ಹಾಕಿದ್ದೆ. ಬೀಗಿತ್ತಿಯವರಿಂದ ಫೋನು. "ನೀವೇನೂ ಮಾಡ್ಕಬ್ಯಾಡಿ, ನಾನೇ ಎಲ್ಲಾ ತತ್ತೀನಿ." ನೀವೇನೂ ತರಬೇಡಿ, ನಾನು ತರುತ್ತೇನೆ ಎಂದು ನಾನೂ ಹೇಳಿದೆ. ಇಬ್ಬರೂ ಒಪ್ಪಿಕೊಂಡೆವು. ಇಬ್ಬರೂ ತರುತ್ತೇವೆ ಎಂಬುದು ಇಬ್ಬರಿಗೂ ಗೊತ್ತು.

ನಿಸರ್ಗಳ ಬ್ಯಾಗಿನಲ್ಲಿ ಮೊಣಕಾಲಿನವರೆಗೆ ಬರುವ ಒಂದು ಕೆಂಪು ಉಡುಪು ಕಂಡಿತು. ಬಾಯಿ ಮುಚ್ಚಿಕೊಂಡೆ. ಇಲ್ಲಿ ಬರೆಯುತ್ತಿದ್ದೇನೆ: ಮೊಣಕಾಲಿನವರೆಗೆ!

ಜನವರಿ 20, ಸೋಮವಾರ

ಮೈಕೈ ಎಲ್ಲ ನೋವು. ಶಾಲೆಗೆ ರಜೆ ಹಾಕಿದ್ದೇನೆ. ಮಾತು ಕೊಟ್ಟದ್ದು ಮುರಿದೆ, ಅದೂ ಎಂಥ ಜಾಗದಲ್ಲಿ! ಮೊದಲಿನಿಂದ ಬರೆಯುತ್ತೇನೆ.

ಹಾಸನದಲ್ಲಿ ರೈಲು ಹತ್ತಿ ಕಾರವಾರದಲ್ಲಿ ಇಳಿದೆವು. ಸಮುದ್ರ ಕಂಡ ಕೂಡಲೇ ಚಿಕ್ಕಲಕ್ಷ್ಮಮ್ಮನವರು ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಬಹಳ ಹೊತ್ತು ದಿಟ್ಟಿಸಿ, "ಇದಕ್ಕೆ ಆಚೆ ದಡಾನೇ ಇಲ್ವಾ?" ಎಂದು ಕೇಳಿದರು. ಇದೆ, ಬಹಳ ದೂರ, ಬೇರೆ ದೇಶ ಎಂದೆ. "ಅಲ್ಲಿಂದ ಯಾರಾದ್ರೂ ಈಗ ಇಂಗೇ ನೋಡ್ತಾ ನಿಂತಿರ್ತಾರೆ ಅಲ್ವಾ?" ಎಂದರು. ನನ್ನ ತರಗತಿಯಲ್ಲಿ ಯಾವ ಮಗುವೂ ಇದನ್ನು ಕೇಳಿರಲಿಲ್ಲ.

ಬೋಟಿನವನ ಹೆಸರು ಅಶೋಕ. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟ. ರೇಷ್ಮೆ ಸೀರೆಯ ಮೇಲೆ ಅದನ್ನು ಹಾಕಿಕೊಂಡು, ಅದರ ಮೇಲೆ ಸರ ಕಾಣುವ ಹಾಗೆ ಎಳೆದುಕೊಂಡು ನಿಂತರು ಬೀಗಿತ್ತಿ. ನಗು ಬಂತು, ನುಂಗಿದೆ. ಬೋಟಿನಲ್ಲಿ ಮತ್ತೆ ಅದೇ ಕತೆ. ಕಿಟಕಿ ಪಕ್ಕದ ಸೀಟು ನಿಮಗೆ, ಅಯ್ಯೋ ನಿಮಗೆ. ಉಳಿದ ಪ್ರವಾಸಿಗರೆಲ್ಲ ಕೂತು ನಮ್ಮನ್ನೇ ನೋಡುತ್ತಿದ್ದರು. "ಅಮ್ಮ, ಯಾರಾದ್ರೂ ಒಬ್ರು ಕೂತ್ಕೊಳ್ಳಿ. ನಿಂತ್ರೆ ಬೋಟು ಹೋಗುದಿಲ್ಲ" ಎಂದು ಅಶೋಕ ಕೂಗಿದ. ರಾಮಣ್ಣನವರು ಸುಮ್ಮನೆ ಆ ಸೀಟಿನಲ್ಲಿ ಕೂತುಬಿಟ್ಟರು. ಅರ್ಧ ದಾರಿಯಲ್ಲಿ ಆ ಕಿಟಕಿ ಅವರಿಗೇ ಬೇಕಾಯಿತು. ಹೊಟ್ಟೆಯಲ್ಲಿದ್ದುದನ್ನೆಲ್ಲ ಅರಬ್ಬಿ ಸಮುದ್ರಕ್ಕೆ ಒಪ್ಪಿಸಿದರು. ನನಗೂ ಹೊಟ್ಟೆ ತೊಳೆಸುತ್ತಿತ್ತು. ಚಿಕ್ಕಲಕ್ಷ್ಮಮ್ಮನವರ ಮುಖವೂ ಬಿಳಿಚಿಕೊಂಡಿತ್ತು. ಆದರೆ ಅವರು ವಾಂತಿ ಮಾಡುವವರೆಗೆ ನಾನು ಮಾಡುವುದಿಲ್ಲ ಎಂದು ಹಲ್ಲು ಕಚ್ಚಿ ಕೂತೆ. ಅವರೂ ಹಾಗೇ ಕೂತಿದ್ದರು.

ಅಷ್ಟರಲ್ಲಿ ಡಾಲ್ಫಿನ್ ಬಂದವು. ಮೊದಲು ಒಂದು ಬೆನ್ನು, ಆಮೇಲೆ ಎರಡು. "ಓ! ನಮ್ ಕೆರೇಲಿ ಎಮ್ಮೆ ಮುಳುಗಿ ಏಳ್ದಂಗೆ!" ಎಂದು ಚಿಕ್ಕಲಕ್ಷ್ಮಮ್ಮನವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೊಟ್ಟೆ ತೊಳೆಸುವುದು ಮರೆತೇಹೋಯಿತು.

ಮೊದಲ ದ್ವೀಪದಲ್ಲಿ ಫೋಟೋ. ಕೆಂಪು ಉಡುಪಿನಲ್ಲಿ ನಿಸರ್ಗ ಚೆನ್ನಾಗಿಯೇ ಕಂಡಳು, ಅದು ಬೇರೆ ಮಾತು. ಫೋಟೋಗ್ರಾಫರ್, "ಸಾ, ಮೇಡಮ್ಮನ್ನ ಎತ್ಕೊಳ್ಳಿ" ಎಂದ. ಅಭಿಷೇಕ್ ಬಗ್ಗಿದ. ನಾನೂ ಬೀಗಿತ್ತಿಯೂ ಒಂದೇ ಸಲ ಕೆಮ್ಮಿದೆವು. ಅವನು ಹಾಗೇ ನೆಟ್ಟಗಾದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆ ಆಡಿಸಿದೆವು. ಕಾವಲು ಎಂದರೆ ಕಾವಲು.

ಊಟಕ್ಕೆ ಅಲ್ಲೇ ಬಂಗುಡೆ ಹುರಿದು ಕೊಟ್ಟರು. ಬರುವಾಗ ಅಷ್ಟೆಲ್ಲ ವಾಂತಿ ಮಾಡಿದ ರಾಮಣ್ಣನವರು ಮೀನು ಕಂಡ ಕೂಡಲೇ ಗುಣವಾದರು. ನನ್ನ ಪುಳಿಯೋಗರೆ, ಅವರ ಕಜ್ಜಾಯ, ಚಕ್ಕಲಿ ಎಲ್ಲ ಹೊರಬಂತು. ಇಬ್ಬರೂ ಒಬ್ಬರ ತಟ್ಟೆಗೆ ಒಬ್ಬರು ಬಡಿಸಿ ಬಡಿಸಿ, ಕೊನೆಗೆ ತಿಂದವರು ಪಕ್ಕದ ಪ್ರವಾಸಿಗರು.

ಗುಹೆ ಇದ್ದದ್ದು ಎರಡನೇ ದ್ವೀಪದಲ್ಲಿ. ಬಂಡೆಯ ಬುಡದಲ್ಲಿ ಕೊಟ್ಟಿಗೆಯ ಬಾಗಿಲಷ್ಟು ಒಂದು ಕಂಡಿ. ಬಗ್ಗಿ, ಒಬ್ಬೊಬ್ಬರಾಗಿ ಹೋಗಬೇಕು. "ಈಗ ನೀರು ಇಳ್ದದೆ. ನಾ ಸೀಟಿ ಹೊಡೆದ್ರೆ ಕೂಡ್ಲೇ ಹೊರಗೆ ಬರ್ಬೇಕು. ಆಮೇಲೆ ನೀರು ಏರ್ತದೆ" ಎಂದ ಅಶೋಕ. ಹುಡುಗ ಹುಡುಗಿ ಮರಳಿನ ಮೇಲೆ ಫೋಟೋಗ್ರಾಫರ್ ಜೊತೆ ಇದ್ದರು. ರಾಮಣ್ಣನವರು ತಮ್ಮ ಹೊಟ್ಟೆಯನ್ನೂ ಆ ಕಂಡಿಯನ್ನೂ ನೋಡಿ, ಹೊರಗೇ ಒಂದು ಬಂಡೆಯ ಮೇಲೆ ಕೂತರು. ಇದೇ ಸಮಯ, ಒಳಗೆ ಕೇಳಿಬಿಡುತ್ತೇನೆ ಎಂದುಕೊಂಡು ನಾನು ಬೀಗಿತ್ತಿಯ ಹಿಂದೆ ಹೊರಟೆ.

ಒಳಗೆ ಎಷ್ಟು ಚೆಂದ! ಬಾಗಿಲು ಸಣ್ಣದು, ಒಳಗೆ ನಮ್ಮ ಶಾಲೆಯ ದೊಡ್ಡ ಕೋಣೆಯಷ್ಟು ಜಾಗ. ನೀರಿನ ಬೆಳಕು ಮೇಲಿನ ಕಲ್ಲಿನ ಮೇಲೆಲ್ಲ ಆಡುತ್ತಿತ್ತು. ಚಿಕ್ಕಲಕ್ಷ್ಮಮ್ಮನವರು ಮೂಲೆ ಮೂಲೆಯಲ್ಲಿ ಲಿಂಗ ಹುಡುಕಿದರು. ಇಷ್ಟು ಒಳ್ಳೆಯ ಜಾಗದಲ್ಲಿ ದೇವರು ಇಲ್ಲದೆ ಇರುತ್ತಾನಾ ಎಂಬುದು ಅವರ ವಾದ. ಕೊನೆಗೆ ಒಂದು ಉರುಟು ಕಲ್ಲಿಗೆ ತಲೆಯ ಹೂವು ಇಟ್ಟು ಸಮಾಧಾನಪಟ್ಟರು. ನಾನು ಗಂಟಲು ಸರಿಮಾಡಿಕೊಂಡೆ. ಸೀಟಿ ಕೇಳಿತು.

ಉಳಿದವರೆಲ್ಲ ಪುಟಪುಟನೆ ಹೊರಟರು. ಕಂಡಿಯ ಹತ್ತಿರ ಉಳಿದದ್ದು ನಾವಿಬ್ಬರೇ.

"ನಡೀರಿ ಟೀಚರಮ್ಮ."

"ನೀವು ನಡೀರಿ."

"ನೀವ್ ಮುಂದೆ ಓಗಿ. ನಿಮ್ನ ಇಂದೆ ಬುಟ್ಟು ನಾನು ಓಗಾದಾ?"

"ನೀವು ದೊಡ್ಡವರು. ಗಂಡಿನ ತಾಯಿ. ನೀವು ಮೊದಲು."

"ಸಾಧ್ಯಾನೇ ಇಲ್ಲ. ನಮ್ ಕಡೆ ಪದ್ದತಿ—"

ಆ ಪದ್ಧತಿ ಏನೆಂದು ತಿಳಿಯಲೇ ಇಲ್ಲ. ಕಂಡಿಯ ತುಂಬ ನೀರು ನುಗ್ಗಿ ಇಬ್ಬರನ್ನೂ ಒದ್ದು ಒಳಗೆ ಹಾಕಿತು. ಎದ್ದು ನಿಲ್ಲುವಷ್ಟರಲ್ಲಿ ಇನ್ನೊಂದು ಅಲೆ. ಹೊರಗಿನಿಂದ ಅಶೋಕನ ಕೂಗು ಕೇಳಿತು: "ಅಲ್ಲೇ ಇರಿ! ಹಿಂದಿನ ಕಲ್ಲು ಹತ್ತಿ ಕೂತ್ಕೊಳ್ಳಿ! ಅಲ್ಲಿಗೆ ನೀರು ಬರುದಿಲ್ಲ! ಹಗ್ಗ ತರ್ತೇನೆ!"

ಹತ್ತಿದೆವು. ಹೇಗೆ ಹತ್ತಿದೆವೋ ಆ ಉರುಟು ಕಲ್ಲಿನ ದೇವರಿಗೇ ಗೊತ್ತು. ಚಿಕ್ಕಲಕ್ಷ್ಮಮ್ಮ ಇರುವ ದೇವರನ್ನೆಲ್ಲ ಕರೆಯುತ್ತಾ ಅಳುವುದಕ್ಕೆ ಶುರು ಮಾಡಿದರು. ನನಗೂ ಹೆದರಿಕೆಯಾಗಿತ್ತು. ಆದರೆ ಅಳುವವರ ಮುಂದೆ ನನಗೆ ಶಾಲೆಯ ದನಿ ತಾನಾಗಿ ಬಂದುಬಿಡುತ್ತದೆ. "ಅಳೋದು ನಿಲ್ಲಿಸಿ! ಮೂಗಲ್ಲಿ ಉಸಿರು ತಗೊಳ್ಳಿ, ಬಾಯಲ್ಲಿ ಬಿಡಿ!" ಎಂದು ಗದರಿದೆ. ಅವರು ತಟಕ್ಕನೆ ನಿಲ್ಲಿಸಿ ಉಸಿರು ಬಿಟ್ಟರು. ಹೇಗೂ ಸಾಯುವುದೇ ಆದರೆ ಕೇಳಿಯೇ ಸಾಯೋಣ ಅನ್ನಿಸಿತು.

"ಚಿಕ್ಕಲಕ್ಷ್ಮಮ್ನೋರೆ, ನಿಸರ್ಗಂಗೆ ಧಾರೆ ನಾನು ಎರೀಲಾ?"

ಅವರು ನನ್ನನ್ನೇ ನೋಡಿದರು. ಹಲ್ಲು ಕಟಕಟ ಎನ್ನುತ್ತಿತ್ತು. "ಈಗ ಕೇಳಾ ಮಾತಾ ಇದು?"

"ಈಗಲೇ ಹೇಳಿ."

"ಬ್ಯಾಡ" ಎಂದರು. ಸುತ್ತಿ ಬಳಸಿ ಏನೂ ಇಲ್ಲ. "ಬ್ಯಾಡ ಕಣಮ್ಮ. ಬೇಜಾರ್ ಮಾಡ್ಕಬ್ಯಾಡಿ. ಇರಾನು ಒಬ್ನೇ ಮಗ. ನಂಗೆ ಭಯ."

ನನಗೆ ನೆತ್ತಿಗೇರಿತು. "ಭಯ ಯಾತಕ್ಕೆ? ನನ್ನ ಕೈ ತಾಗಿದ್ರೆ ನಿಮ್ಮ ಮಗನಿಗೆ ಏನಾದ್ರೂ ಆಗ್ತದಾ?"

"ಬುಡ್ತು ಅನ್ನಿ! ಮೊದ್ಲು ಬುಡ್ತು ಅನ್ನಿ!"

"ಅನ್ನಲ್ಲ! ನಮ್ಮವರು ಹೋಗಿದ್ದು ಹಾರ್ಟ್ ನಿಂತು. ಸಿಗರೇಟು ಬಿಡಿ ಬಿಡಿ ಅಂತ ಬಡ್ಕೊಂಡೆ, ಕೇಳಲಿಲ್ಲ. ಈ ಕೈ ಅವರಿಗೆ ಮುದ್ದೆ ತೊಳಸಿ ಹಾಕಿದ್ದು ಬಿಟ್ರೆ ಬೇರೆ ಏನೂ ಮಾಡಿಲ್ಲ. ನಿಶ್ಚಿತಾರ್ಥದಲ್ಲಿ ಕುಂಕುಮದ ತಟ್ಟೆ ದಾಟಿಸ್ಕೊಂಡು ಹೋದ್ರಲ್ಲ, ನಾನೇನು ಕಂಬಾನಾ? ಕಲ್ಲಾ? ಮಗಳ ನಿಶ್ಚಿತಾರ್ಥದಲ್ಲಿ ತಾಯಿಗೆ ಒಂದು ಹೂವು ಕೊಡೋಕಾಗಲಿಲ್ವಾ ನಿಮಗೆ?"

ಇದೆಲ್ಲ ಎಲ್ಲಿತ್ತೋ. ನನಗೇ ಆಶ್ಚರ್ಯ. ಆ ದಿನ ನನಗೇನೂ ಅನ್ನಿಸಿರಲಿಲ್ಲವಲ್ಲ.

ಅವರು ಮತ್ತೆ ಅಳತೊಡಗಿದರು, ಈ ಸಲ ಬೇರೆ ಥರ. "ನಂಗೇನ್ ಗೊತ್ತಾಯ್ತದೆ? ಕೊಟ್ರೆ ನೀವು ಎಲ್ರ ಮುಂದೆ ಬೈದ್ಬುಡ್ತೀರಾ ಅಂತ ಎದ್ರಿಕೆ. ಕೊಡ್ದೆ ಇದ್ರೆ ನೊಂದ್ಕತೀರಾ ಅಂತ ಎದ್ರಿಕೆ. ಅದ್ಕೇ ಕಣ್ ಮುಚ್ಕಂಡು ದಾಟ್ಬುಟ್ಟೆ."

"ನನ್ನ ಕಂಡ್ರೆ ನಿಮಗೆ ಹೆದರಿಕೆಯಾ?"

"ಮತ್ತೆ? ಅಭಿ ಏಳವ್ನೆ, ನಿಮ್ ಇಸ್ಕೂಲ್ ಮುಂದೆ ಬೀದಿ ನಾಯಿನೂ ಲೈನಲ್ಲೇ ಓಯ್ತವಂತೆ!"

ನನಗೆ ನಗು ತಡೆಯಲಾಗಲಿಲ್ಲ. ಗುಹೆಯಲ್ಲಿ ನಕ್ಕರೆ ಹತ್ತು ಜನ ನಕ್ಕ ಹಾಗೆ ಕೇಳುತ್ತದೆ. ಅವರೂ ಅಳುತ್ತಲೇ ನಗತೊಡಗಿದರು. ಅಷ್ಟರಲ್ಲಿ ಒಂದು ದೊಡ್ಡ ಅಲೆ ಬಂದು ಕಾಲು ತೊಳೆಯಿತು. ಇಬ್ಬರೂ ಕಿರುಚಿ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. "ಬುಡಬ್ಯಾಡ ಕಣೆ, ಬುಡಬ್ಯಾಡ ನನ್ನ" ಎಂದಳು. ಬಿಡಲಿಲ್ಲ.

ಅಶೋಕ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎದೆಮಟ್ಟದ ನೀರಿನಲ್ಲಿ ಒಳಗೆ ಬಂದ. "ಯಾರು ಮೊದ್ಲು ಬರ್ತೀರಿ?" ಎಂದು ಕೇಳಿದ.

"ನಾನು!" ಎಂದೆವು ಇಬ್ಬರೂ ಒಟ್ಟಿಗೆ.

ಹೊರಗೆ ಬಂದರೆ ಮರಳಿನ ಮೇಲೆ ಪ್ರವಾಸಿಗರೆಲ್ಲ ಸಾಲಾಗಿ ನಿಂತಿದ್ದಾರೆ. ನಿಸರ್ಗ ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ಬೈದಳು: "ಬಾಯಿ ಮುಚ್ಕೊಂಡಿರು ಅಂದ್ರೆ ಗುಹೆ ಒಳಗೆ ಹೋಗಿ ಜಗಳ ಆಡ್ತೀಯಾ? ಒಂದೊಂದು ಮಾತೂ ಹೊರಗೆ ಕೇಳ್ತಿತ್ತು!" ಅಭಿಷೇಕ್ ಅವನಮ್ಮನಿಗೆ ಟವೆಲ್ ಹೊದಿಸುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ರಾಮಣ್ಣನವರು ಬಾಯಿ ಬಿಟ್ಟರು: "ಒಳ್ಳೇದಾಯ್ತು ಬುಡಿ. ಇನ್ನಾದ್ರೂ ಬೇಗ ಬೇಗ ಕೂತ್ಕತೀರಾ."

ಫೋಟೋಗ್ರಾಫರ್ ನಮ್ಮಿಬ್ಬರನ್ನು ಹಗ್ಗದಲ್ಲಿ ಎಳೆದು ತರುವುದನ್ನು ಪೂರ್ತಿ ತೆಗೆದಿದ್ದಾನೆ. ಇಡೀ ಶೂಟಿನಲ್ಲಿ ಅದೇ ಚೆನ್ನಾಗಿ ಬಂದಿದೆಯಂತೆ. ಅವನಿಗೆ ಒಳ್ಳೆಯದಾಗುವುದಿಲ್ಲ.

ರೈಲಿನಲ್ಲಿ ವಿಪರೀತ ಹಸಿವು. ಉಳಿದಿದ್ದ ಕಜ್ಜಾಯವನ್ನು ಒಂದೇ ಡಬ್ಬಿಯಿಂದ ಇಬ್ಬರೂ ತೆಗೆದು ತೆಗೆದು ತಿಂದೆವು. ಇನ್ನೊಂದು ತಿನ್ನಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಧಾರೆಗೆ ಉತ್ತರ ಬ್ಯಾಡ ಎಂದೇ ಇದೆ. ನಿಸರ್ಗಳಿಗೂ ಕೇಳಿಸಿದೆ. ಅವಳು ಕಿಟಕಿ ಕಡೆ ತಿರುಗಿ ಮಲಗಿದಳು.

ಜನವರಿ 23, ಗುರುವಾರ

ಶೀತ. ಚಿಕ್ಕಲಕ್ಷ್ಮಮ್ಮನ ಫೋನು. "ಕೆಮ್ಮು ಕಮ್ಮಿ ಆಯ್ತ? ದೊಡ್ಡಪತ್ರೆ ಬಾಡಿಸಿ ರಸ ಇಂಡ್ಕಂಡು ಕುಡಿ, ಇಂಗ್ಲೀಸ್ ಮಾತ್ರೆ ನುಂಗ್ಬ್ಯಾಡ" ಎಂದಳು. ಕುಡಿದೆ. ಕಹಿ. ಅದನ್ನೇ ಫೋನು ಮಾಡಿ ಹೇಳಿದೆ. ಮಾತು ಎಲ್ಲೆಲ್ಲಿಗೋ ಹೋಗಿ ಸಾರು ಸೀದುಹೋಯಿತು.

ಫೆಬ್ರವರಿ 2, ಭಾನುವಾರ

ಸೀರೆ ತೆಗೆಯುವುದಕ್ಕೆ ಹಾಸನಕ್ಕೆ ಹೋಗಿದ್ದೆವು. ಅಂಗಡಿಯಲ್ಲಿ ಚಿಕ್ಕಲಕ್ಷ್ಮಿ ತನಗೆ ಒಂದು ನೇರಳೆ ಸೀರೆ ಆರಿಸಿಕೊಂಡಳು. "ಅದು ಬೇಡ, ಬದನೆಕಾಯಿ ಹಾಗೆ ಕಾಣ್ತೀಯಾ" ಎಂದೆ. "ನೀನ್ ಉಡಾದು ಯಾವಾಗ್ಲೂ ಬೂದಿ ಬಣ್ಣ, ನೀನ್ ಏಳ್ಬ್ಯಾಡ" ಎಂದಳು. ಅರ್ಧ ಗಂಟೆ ಕಿತ್ತಾಡಿದೆವು. ಅಂಗಡಿಯವನು ಅಕ್ಕ ತಂಗಿಯರಾ ಎಂದು ಕೇಳಿದ. ಕೊನೆಗೆ ಅವಳು ಬದನೆಕಾಯಿಯನ್ನೇ ತೆಗೆದುಕೊಂಡಳು. ನನಗೆ ಹಟ ಹಿಡಿದು ಅರಿಸಿನ ಬಣ್ಣದ್ದೊಂದು ತೆಗೆಸಿದಳು. ಎಲ್ಲಿ ಉಡಲಿ ಅದನ್ನು?

ಆಮೇಲೆ ಮಸಾಲೆ ದೋಸೆ. ಧಾರೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಫೆಬ್ರವರಿ 6, ಗುರುವಾರ

ನಾನು ಪಾಠ ಮಾಡುವಾಗ ಫೋನು ಮೇಜಿನ ಮೇಲೆ ಗುಂಯ್ಗುಡುತ್ತಿತ್ತು. "ಮಿಸ್, ನಿಮ್ಮ ಫ್ರೆಂಡ್ ಫೋನು" ಎಂದಿತು ಮುಂದಿನ ಸಾಲಿನ ಹುಡುಗಿ. ಫ್ರೆಂಡ್ ಅಂತೆ! ಅವಳು ನನ್ನ ಬೀಗಿತ್ತಿ ಕಣೇ ಎಂದು ಗದರಿಸಿದೆ. ವರಾಂಡಕ್ಕೆ ಹೋಗಿ ಮಾತಾಡಿ ಬಂದೆ. ಉಪ್ಪಿನಕಾಯಿ ವಿಷಯ.

ಫೆಬ್ರವರಿ 9, ಭಾನುವಾರ

ನಿಸರ್ಗ ಮತ್ತೆ ಕೂತು ಕೇಳಿದಳು. "ಏನಂತೆ ನಿನ್ನ ಬೀಗಿತ್ತಿ? ದಿನಾ ಅಷ್ಟು ಮಾತಾಡ್ತೀಯಲ್ಲ, ಅದೊಂದು ಕೇಳೋಕಾಗಲ್ವಾ?"

ಕೇಳುವುದಿಲ್ಲ ಎಂದೆ. ಅವಳಿಗೆ ಭಯ. ಒಂದನೇ ಕ್ಲಾಸಿನ ಮಗು ಕತ್ತಲೆಗೆ ಹೆದರಿದರೆ ಬೈದು ಕತ್ತಲೆಗೆ ದಬ್ಬುತ್ತೀಯಾ? ಅದು ಸುಳ್ಳು ಭಯ ಎಂದು ನನಗೂ ಗೊತ್ತು. ಅವಳಿಗೂ ಅರ್ಧ ಗೊತ್ತಿರಬಹುದು. ಅವಳ ಮಗನ ಮದುವೆಯ ದಿನ ಅವಳು ನಡುಗುತ್ತಾ ಕೂರುವುದು ನನಗೆ ಬೇಡ. ಚಿಕ್ಕಪ್ಪ ಚಿಕ್ಕಮ್ಮ ಎರೆಯಲಿ, ನಾನು ಹಿಂದೆ ನಿಂತು ನೋಡುತ್ತೇನೆ ಎಂದೆ. ನಿಸರ್ಗ ಎದ್ದು ಹೋದಳು. ಅವಳು ಬೈದಿದ್ದರೇ ಚೆನ್ನಾಗಿತ್ತು.

ಇಲ್ಲಿ ಯಾರೂ ನೋಡುವುದಿಲ್ಲವಾದ್ದರಿಂದ ಬರೆಯುತ್ತೇನೆ. ನನಗೆ ಬೇಕು. ನನ್ನ ಮಗಳ ಕೈಮೇಲೆ ನಾನೇ ಹಾಲು ಎರೆಯಬೇಕು. ಬಹಳ ಬೇಕು. ಬರೆದಾಯಿತು, ಇನ್ನು ಮಲಗುತ್ತೇನೆ.

ಫೆಬ್ರವರಿ 17, ಸೋಮವಾರ

ಮದುವೆ ಮುಗಿಯಿತು. ಮನೆ ತುಂಬ ತೆಂಗಿನಕಾಯಿ, ಬಾಳೆಲೆ, ಚಪ್ಪಲಿ. ನೆಂಟರೆಲ್ಲ ಬೀಗರೂಟಕ್ಕೆ ಹೊರಡುವ ಗಲಾಟೆಯಲ್ಲಿದ್ದಾರೆ. ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನಿನ್ನೆ ಅರಿಸಿನ ಬಣ್ಣದ ಸೀರೆ ಉಟ್ಟಿದ್ದೆ. ತೆಗೆಸಿದವಳು ನೋಡಲಿ ಎಂದು. ಅವಳು ಬದನೆಕಾಯಿ ಬಣ್ಣದಲ್ಲಿ ಗಂಡಿನ ಪಕ್ಕ ನಿಂತಿದ್ದಳು. ನಾನು ಛತ್ರದ ಅಡುಗೆಮನೆಯ ಬಾಗಿಲ ಹತ್ತಿರ ನಿಂತಿದ್ದೆ. ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಎರಚಿದರು. ಪುರೋಹಿತರು ಧಾರೆಗೆ ಕರೆದರು. ಮೋಹನ್‌ಕುಮಾರ್ ಮತ್ತು ಅವನ ಹೆಂಡತಿ ಹಾಲಿನ ಗಿಂಡಿ ಹಿಡಿದು ಮುಂದೆ ಬಂದರು. ಅಭಿಷೇಕ್ ಬೊಗಸೆ ಒಡ್ಡಿದ. ನಿಸರ್ಗ ಕೈ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡು ನಿಂತಳು.

"ಕೈ ಚಾಚಮ್ಮ" ಎಂದರು ಪುರೋಹಿತರು. ಇಲ್ಲ. "ಚಾಚು ಮಗಳೇ, ಮುಹೂರ್ತ ಮೀರುತ್ತೆ" ಎಂದ ಮೋಹನ್‌ಕುಮಾರ್. ಇಲ್ಲ. ವಾಲಗದವರು ಊದುತ್ತಲೇ ಇದ್ದರು, ಆದರೆ ಛತ್ರದಲ್ಲಿ ಮಾತು ನಿಂತಿತು. ಎಲ್ಲರ ಕುತ್ತಿಗೆಯೂ ಉದ್ದವಾಯಿತು.

ನನಗೆ ಸಿಟ್ಟು ಬಂತು. ಇಷ್ಟು ಜನರ ಮುಂದೆ ಇದೆಂಥ ಹಟ! ನೆಟ್ಟಗೆ ಮಂಟಪ ಹತ್ತಿ, ಅವಳ ಕಿವಿಯ ಹತ್ತಿರ ಬಗ್ಗಿ, "ಕೈ ಬಿಚ್ಚೇ, ಜನ ನೋಡ್ತಾ ಇದಾರೆ" ಎಂದೆ.

"ನೋಡ್ಲಿ" ಎಂದಳು. ಕಣ್ಣಲ್ಲಿ ನೀರಿತ್ತು. "ನಿನ್ನ ಬಿಟ್ಟು ಯಾರಿಗೂ ಬಿಚ್ಚಲ್ಲ."

ನಾನು ತಲೆ ಎತ್ತಿದೆ. ಎದುರಿಗೆ ಚಿಕ್ಕಲಕ್ಷ್ಮಿ. ಹಣೆಯೆಲ್ಲ ಬೆವರು, ತುಟಿ ಒಣಗಿತ್ತು. ನನ್ನನ್ನು ನೋಡಿದಳು, ಮಗನನ್ನು ನೋಡಿದಳು. ಅಭಿಷೇಕ್ ಚಾಚಿದ ಬೊಗಸೆಯನ್ನು ಹಾಗೇ ಹಿಡಿದು ಅಮ್ಮನ ಕಡೆ ನೋಡುತ್ತಿದ್ದ. ಅವಳು ದಡದಡ ಈ ಕಡೆಗೆ ಬಂದು ಮೋಹನ್‌ಕುಮಾರನ ಕೈಯಿಂದ ಗಿಂಡಿ ತೆಗೆದುಕೊಂಡಳು. ಅವನು ಬಿಸಿ ಪಾತ್ರೆ ಬಿಟ್ಟ ಹಾಗೆ ಬಿಟ್ಟುಕೊಟ್ಟ. ಅದನ್ನು ನನ್ನ ಕೈಗೆ ಇಟ್ಟಳು.

"ಎರಿ" ಎಂದಳು.

"ನಿಂಗೆ ಭಯ ಅಂದೆಯಲ್ಲೇ."

"ಈಗ್ಲೂ ಭಯಾನೇ ಕಣೆ. ಎರಿ."

ನಿಸರ್ಗಳ ಮುಷ್ಟಿ ಬಿಚ್ಚಿತು. ಅಭಿಷೇಕನ ಬೊಗಸೆಯ ಮೇಲೆ ಅವಳ ಬೊಗಸೆ, ಅದರೊಳಗೆ ತೆಂಗಿನಕಾಯಿ. ನಾನು ಗಿಂಡಿ ಬಗ್ಗಿಸಬೇಕು ಎನ್ನುವಷ್ಟರಲ್ಲಿ ಚಿಕ್ಕಲಕ್ಷ್ಮಿ ನನ್ನ ಕೈಗಳ ಮೇಲೆ ತನ್ನ ಎರಡೂ ಕೈ ಇಟ್ಟು ಹಿಡಿದುಕೊಂಡಳು. ಪುರೋಹಿತರು ಮಂತ್ರ ನಿಲ್ಲಿಸಿದರು.

"ಅಮ್ಮಾ, ಗಂಡಿನ ತಾಯಿ ಧಾರೆ ಎರೆಯೋ ಹಾಗಿಲ್ಲ."

"ನಾನೆಲ್ ಎರೀತಿವ್ನಿ ಸಾಮಿ? ಇವ್ಳ್ ಕೈ ನಡುಗ್ತಾ ಅದೆ, ಇಡ್ಕಂಡಿವ್ನಿ ಅಷ್ಟೇಯ. ನೀವ್ ಮಂತ್ರ ಏಳಿ."

ಹಾಲು ಬಿತ್ತು. ನನ್ನ ಮಗಳ ಕೈಮೇಲೆ, ಅವಳ ಮಗನ ಕೈಮೇಲೆ, ಅರ್ಧ ನಮ್ಮಿಬ್ಬರ ಹೊಸ ಸೀರೆಗಳ ಮೇಲೆ. ನನ್ನ ಕೈ ನಡುಗುತ್ತಿರಲಿಲ್ಲ. ಪುರೋಹಿತರಿಗೆ ನಾನು ಅದನ್ನು ಹೇಳಲಿಲ್ಲ.